ಅಡುಗೆ ಕಟ್ಟೆ ಬದಲಾಯಿಸಬೇಕು: ಗ್ರಾನೈಟಾ, ಕ್ವಾರ್ಟ್ಜಾ? ಬಜೆಟ್ 60 ಸಾವಿರ

ಹಳೇಮನೆ_ಮೈಸೂರು
ಎಲ್ಲರಿಗೂ ನಮಸ್ಕಾರ. ಅಪ್ಪ ಕಟ್ಟಿಸಿದ ಮನೆ, 1997ರದ್ದು. ಅಡುಗೆಮನೆ ಎಲ್ ಆಕಾರ, ಉದ್ದದ ಗೋಡೆ 10 ಅಡಿ, ಇನ್ನೊಂದು 7 ಅಡಿ. ಆಗ ಹಾಕಿಸಿದ್ದು ಕಡಪ ಕಲ್ಲು, ಕೆಳಗೆ ಇಟ್ಟಿಗೆ ಗೋಡೆ. ಈಗ ಸಿಂಕ್ ಪಕ್ಕ ಉದ್ದಕ್ಕೆ ಬಿರುಕು ಬಿಟ್ಟಿದೆ. ಎಷ್ಟು ಒರೆಸಿದರೂ ಒರೆಸಿದ ಹಾಗೆ ಕಾಣುವುದಿಲ್ಲ, ಹುಣಸೆಹಣ್ಣು ಹಿಂಡುವ ಜಾಗವೆಲ್ಲ ಬೆಳ್ಳಗಾಗಿದೆ.

ಪೂರ್ತಿ ಅಡುಗೆಮನೆ ಹೊಸದು ಮಾಡಿಸುವ ಶಕ್ತಿ ಸದ್ಯಕ್ಕಿಲ್ಲ. ಕಟ್ಟೆ, ಸಿಂಕ್, ನಲ್ಲಿ, ಗಾರೆ ಕೆಲಸ, ಹಿಂದಿನ ಗೋಡೆಗೆ ಟೈಲ್ಸ್, ಎಲ್ಲ ಸೇರಿ 60 ಸಾವಿರದೊಳಗೆ ಮುಗಿಯಬೇಕು. ಇಂಟೀರಿಯರ್‌ನವರು ಬಿಳಿ ಕ್ವಾರ್ಟ್ಜ್ ಹಾಕಿಸಿ ಅಂತಾರೆ, ಮೇಸ್ತ್ರಿ ಕಪ್ಪು ಗ್ರಾನೈಟ್ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಹೆಂಡತಿಗೆ ಬಿಳಿ ಬೇಕು. ಅಮ್ಮ, ಇದೇ ಕಲ್ಲು ಇನ್ನೂ ಹತ್ತು ವರ್ಷ ಬರುತ್ತೆ ಸುಮ್ನಿರು ಅಂತಾರೆ. ಹಾಕಿಸಿಕೊಂಡವರು ದಯವಿಟ್ಟು ಹೇಳಿ, ಅಂಗಡಿಯವರ ಮಾತು ಕೇಳಿ ಕೇಳಿ ತಲೆ ಕೆಟ್ಟಿದೆ.

ಸುಮ್ನೆ_ಓದ್ತೀನಿ
ಕಪ್ಪು ಗ್ರಾನೈಟ್. ಮುಗೀತು. ಮುಂದಿನ ಪ್ರಶ್ನೆ?

ಬಿಳಿಕಟ್ಟೆ
ಅಷ್ಟು ಸುಲಭ ಅಲ್ಲ ಸ್ವಾಮಿ. ನಮ್ಮ ಮನೆಯಲ್ಲಿ ಬಿಳಿ ಕ್ವಾರ್ಟ್ಜ್ ಇದೆ, ನನಗಂತೂ ತುಂಬಾ ಇಷ್ಟ. ಅಡುಗೆಮನೆ ಬೆಳಕಾಗಿ ಕಾಣುತ್ತದೆ, ಇರುವೆ ಬಂದರೆ ತಕ್ಷಣ ಗೊತ್ತಾಗುತ್ತದೆ, ಜಿಡ್ಡು ಇದ್ದರೆ ಕಣ್ಣಿಗೆ ಬೀಳುತ್ತದೆ. ಕಪ್ಪು ಕಲ್ಲಿನ ಮೇಲೆ ಕೊಳೆ ಇದ್ದರೂ ಕಾಣುವುದಿಲ್ಲ, ಅದನ್ನೇ ಜನ ಕ್ಲೀನ್ ಅಂದುಕೊಳ್ಳುತ್ತಾರೆ.

ಕಾವಲಿದೋಸೆ
ಅರಿಶಿನ ಚೆಲ್ಲಿದಾಗ ಏನು ಮಾಡುತ್ತೀರಿ @ಬಿಳಿಕಟ್ಟೆ? ನಿಜವಾಗಿ ಕೇಳುತ್ತಿದ್ದೇನೆ, ಕಾಲೆಳೆಯುತ್ತಿಲ್ಲ.

ಬಿಳಿಕಟ್ಟೆ
ತಕ್ಷಣ ಒರೆಸಿದರೆ ಏನೂ ಆಗುವುದಿಲ್ಲ. ರಾತ್ರಿಯಿಡೀ ಬಿಟ್ಟರೆ ಹಳದಿ ಕೂರುತ್ತದೆ. ಕಿಟಕಿ ಬಿಸಿಲು ಬೀಳುವ ಜಾಗವಾದರೆ ಒಂದೆರಡು ದಿನದಲ್ಲಿ ತಾನೇ ಮಾಸುತ್ತದೆ, ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಬಿಸಿಲು ಬೀಳದ ಕಡೆ ಅಡುಗೆ ಸೋಡಾ ಪೇಸ್ಟ್ ಹಚ್ಚಿಡುತ್ತೇನೆ. ಹೌದು, ಅಷ್ಟು ಕೆಲಸ ಇದೆ, ಇಲ್ಲ ಅನ್ನುವುದಿಲ್ಲ.

ಕಲ್ಲುಕುಟಿಗ
ನಾನು ಜಿಗಣಿ ಕಡೆ ಕಲ್ಲಿನ ಯಾರ್ಡ್‌ನಲ್ಲಿ ಕೆಲಸ ಮಾಡುವವನು. ಯಾರ ಪರವೂ ಅಲ್ಲ, ಎರಡನ್ನೂ ಕತ್ತರಿಸಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಕಡಪ. ಅದು ಸುಣ್ಣದ ಕಲ್ಲಿನ ಜಾತಿ. ನಮ್ಮ ಶಹಾಬಾದ್ ಕಲ್ಲು, ರಾಜಸ್ಥಾನದ ಕೋಟಾ ಕಲ್ಲು ಎಲ್ಲವೂ ಅದೇ. ಹುಳಿ ಬಿದ್ದರೆ ಸುಣ್ಣ ಕರಗುತ್ತದೆ, ಮೇಲಿನ ಹೊಳಪು ಹೋಗಿ ಬೆಳ್ಳಗಾಗುತ್ತದೆ. ನಿಮ್ಮ ಮನೆಯದು ಕಲೆ ಅಲ್ಲ, ಕಲ್ಲೇ ಸವೆದಿರುವುದು. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಗ್ರಾನೈಟ್‌ಗೆ ನಿಂಬೆ, ಹುಣಸೆ, ಟೊಮೆಟೊ ಯಾವುದೂ ಏನೂ ಮಾಡುವುದಿಲ್ಲ. ಅದಕ್ಕೇ ಸಾರು ಹುಳಿ ತಿನ್ನುವ ಮನೆಗೆ ಮಾರ್ಬಲ್ ಕಟ್ಟೆ ಬೇಡವೇ ಬೇಡ ಅನ್ನುವುದು.

ಎರಡನೆಯದು ಕ್ವಾರ್ಟ್ಜ್. ಶೇಕಡಾ 90ಕ್ಕಿಂತ ಜಾಸ್ತಿ ಕಲ್ಲಿನ ಪುಡಿ, ಉಳಿದದ್ದು ರೆಸಿನ್ ಅಂಟು. ಕಲೆ ಹೀರುವುದು ಕಡಿಮೆ, ನಿಜ. ಆದರೆ ಆ ಅಂಟು 150 ಡಿಗ್ರಿ ಆಸುಪಾಸಿನಲ್ಲಿ ಕೆಡಲು ಶುರುವಾಗುತ್ತದೆ. ಬೋಂಡ ಕರಿದ ಎಣ್ಣೆಯೇ 180 ಡಿಗ್ರಿ ಹತ್ತಿರ ಇರುತ್ತದೆ. ಆ ಬಾಣಲೆಯನ್ನು ಒಲೆಯಿಂದ ಇಳಿಸಿ ಸೀದಾ ಕಟ್ಟೆ ಮೇಲೆ ಇಟ್ಟರೆ ಕಂದು ಬಣ್ಣದ ಉಂಗುರ ಬೀಳುತ್ತದೆ. ಅದು ಒಳಗಿನ ಸುಟ್ಟ ಗಾಯ, ಒರೆಸಿ ತೆಗೆಯಲು ಬರುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಸ್ಟ್ಯಾಂಡ್ ಇಟ್ಟು ಪಾತ್ರೆ ಇಳಿಸುವ ಅಭ್ಯಾಸ ಇದ್ದರೆ ಹಾಕಿಸಿ.

ಮೂರನೆಯದು ದುಡ್ಡು. ನಿಮ್ಮ ಕಟ್ಟೆಗೆ ವೇಸ್ಟೇಜ್ ಸೇರಿ 34 ಚದರ ಅಡಿ ಅಂದುಕೊಳ್ಳಿ. ಗ್ರಾನೈಟ್ ಅಡಿಗೆ 180 ಆದರೆ 6,120 ರೂಪಾಯಿ. ಕ್ವಾರ್ಟ್ಜ್ 450 ಆದರೆ 15,300. ವ್ಯತ್ಯಾಸ ಒಂಬತ್ತು ಸಾವಿರ ಚಿಲ್ಲರೆ. ಜನ ಕಲ್ಲಿನ ರೇಟಿಗೆ ತಿಂಗಳುಗಟ್ಟಲೆ ಅಲೆಯುತ್ತಾರೆ, ಆದರೆ ದುಡ್ಡು ಹೋಗುವುದು ಕಟಿಂಗ್, ಮೋಲ್ಡಿಂಗ್ (ಅಂಚು ದುಂಡಗೆ ಮಾಡಿ ಹೊಳಪು ಕೊಡುವುದು), ಸಿಂಕ್, ಹಳೆಯದನ್ನು ಒಡೆಯುವುದು, ಟೈಲ್ಸ್, ಪ್ಲಂಬಿಂಗ್ ಇವುಗಳಲ್ಲಿ. 60 ಸಾವಿರದಲ್ಲಿ ಕಲ್ಲು ಚಿಕ್ಕ ಪಾಲು.

ಟೇಪುಮಾಸ್ಟರ್
34 ಹೇಗೆ ಬಂತು? 10×2 ಅಂದರೆ 20. ಇನ್ನೊಂದು ಕಡೆ 7 ಅಡಿಯಲ್ಲಿ ಮೂಲೆಯ 2 ಅಡಿ ಆಗಲೇ ಸೇರಿದೆ, ಉಳಿದದ್ದು 5×2 = 10. ಒಟ್ಟು 30. ನೀವು 10+7 ಅಂತ ಕೂಡಿಸಿ 2ರಿಂದ ಗುಣಿಸಿದ್ದೀರಿ. ಮೂಲೆಯ ನಾಲ್ಕು ಚದರ ಅಡಿಗೆ ಎರಡು ಸಲ ದುಡ್ಡು. ಎಲ್ಲ ಅಂಗಡಿಯವರೂ ಇದನ್ನೇ ಮಾಡುತ್ತಾರೆ.

ಕಲ್ಲುಕುಟಿಗ
ವೇಸ್ಟೇಜ್ ಸೇರಿ ಅಂತ ಬರೆದಿದ್ದೇನೆ, ಓದಿ ಸ್ವಾಮಿ. ಆದರೂ ಕೇಳಿದ್ದು ಒಳ್ಳೆಯದಾಯಿತು. ಮೂಲೆಯಲ್ಲಿ ಎರಡು ತರಹ ಜೋಡಿಸಬಹುದು. ಒಂದು, ನೇರ ಜಾಯಿಂಟ್: 10 ಅಡಿ ತುಂಡು ಗೋಡೆಯಿಂದ ಗೋಡೆಗೆ, 5 ಅಡಿ ತುಂಡು ಬಂದು ಅದಕ್ಕೆ ತಾಗುತ್ತದೆ. ಆಗ ನಿಮ್ಮ 30 ಸರಿ. ಇನ್ನೊಂದು, 45 ಡಿಗ್ರಿ ಓರೆ ಕಟ್: ಆಗ ಎರಡೂ ತುಂಡು ಪೂರ್ತಿ ಉದ್ದ ಬೇಕು, ಮೂಲೆಯಿಂದ ಎರಡು ತ್ರಿಕೋನ ವೇಸ್ಟ್ ಆಗುತ್ತದೆ, 34 ಬೇಕೇ ಬೇಕು. ಯಾವ ಜಾಯಿಂಟ್ ಅಂತ ಮೊದಲೇ ಹೇಳಿ ಅಳತೆ ಬರೆಸಿ. ನೇರ ಜಾಯಿಂಟ್‌ಗೆ 34 ಹಾಕಿದರೆ ಜಗಳ ಮಾಡಿ, ನಿಮ್ಮ ಪರ ನಾನೂ ಇದ್ದೇನೆ.

ಟೇಪುಮಾಸ್ಟರ್
ಸರಿ ಒಪ್ಪಿದೆ. ಆದರೆ 2 ಅಡಿ ಅಗಲ ಅನ್ನುವುದೇ ತಪ್ಪು. ಇವತ್ತಲ್ಲ ನಾಳೆ ಕೆಳಗೆ ಮಾಡ್ಯುಲರ್ ಡಬ್ಬ, ಅಂದರೆ ರೆಡಿಮೇಡ್ ಕಪಾಟು ಕೂರಿಸುತ್ತಾರೆ. ಡಬ್ಬದ ಆಳ 560 ಮಿ.ಮೀ., ಬಾಗಿಲು 18, ಅದರ ಮುಂದೆ ಕಲ್ಲು 20-25 ಮಿ.ಮೀ. ಚಾಚಿರಬೇಕು. ಇಲ್ಲದಿದ್ದರೆ ಕಟ್ಟೆ ಮೇಲಿನ ನೀರೆಲ್ಲ ಬಾಗಿಲ ಮೇಲೆ ಇಳಿದು ಪ್ಲೈವುಡ್ ಉಬ್ಬುತ್ತದೆ. ಎಲ್ಲ ಕೂಡಿಸಿದರೆ 600ರ ಆಸುಪಾಸು ಆಗುತ್ತದೆ, 24 ಇಂಚು ಅಂದರೆ 610 ಮಾತ್ರ. ಗೋಡೆ ಡೊಂಕಿದ್ದರೆ ಅಲ್ಲಿಗೆ ಕಥೆ ಮುಗಿಯಿತು. 1997ರ ಮನೆಯ ಗೋಡೆ ಮೂಲೆಮಟ್ಟಕ್ಕೆ ಇರುವ ಸಾಧ್ಯತೆ ಕಡಿಮೆ. 25 ಇಂಚು ಇಟ್ಟುಕೊಳ್ಳಿ.

ಹಳೇಮನೆ_ಮೈಸೂರು
ಇದು ಯಾರೂ ಹೇಳಿರಲಿಲ್ಲ. ಅಂಗಡಿಯಲ್ಲಿ ತೋರಿಸಿದ ಅಗ್ಗದ ಕಲ್ಲೆಲ್ಲ ಸರಿಯಾಗಿ 2 ಅಡಿ ಅಗಲ ಇತ್ತು!

ಕಲ್ಲುಕುಟಿಗ
ಅದು ಕಟರ್ ಸೈಜ್. ಚಿಕ್ಕ ಬಂಡೆಯಿಂದ ಸೀಳಿದ್ದು, ಎರಡರಿಂದ ಮೂರು ಅಡಿ ಅಗಲ ಬರುತ್ತದೆ, ರೇಟು ಕಡಿಮೆ. ದೊಡ್ಡದಕ್ಕೆ ಗ್ಯಾಂಗ್‌ಸಾ ಅಂತಾರೆ, ಐದಾರು ಅಡಿ ಅಗಲ, ದುಬಾರಿ. ಅಡುಗೆ ಕಟ್ಟೆಗೆ ಕಟರ್ ಸೈಜ್ ಧಾರಾಳ ಸಾಕು, ಆದರೆ 27 ಇಂಚಿಗೆ ಕಡಿಮೆ ತಗೋಬೇಡಿ, ಅಂಚು ಒರಟಾಗಿರುತ್ತದೆ, ಎರಡೂ ಕಡೆ ಕತ್ತರಿಸಬೇಕು. ದಪ್ಪವನ್ನೂ ಟೇಪಿಟ್ಟು ನೋಡಿ. 18 ಮಿ.ಮೀ. ಅಂತ ಹೇಳಿ 15 ಕೊಡುವವರು ಇದ್ದಾರೆ.

ರೊಟ್ಟಿಬುಟ್ಟಿ
ಎಲ್ಲರೂ ಉದ್ದ ಅಗಲ ಹೇಳಿದಿರಿ, ಎತ್ತರ ಯಾರೂ ಕೇಳಲಿಲ್ಲ ನೋಡ್ರೀ. ಕಟ್ಟೆ ಮುಂದೆ ನಿಲ್ಲುವವರು ಯಾರು? ನಾವು ಬಾಗಲಕೋಟೆ ಕಡೆಯವರು, ನಮ್ಮ ಮನೆಯಲ್ಲಿ ದಿನಾ ಜೋಳದ ರೊಟ್ಟಿ ಆಗಬೇಕು. ರೊಟ್ಟಿ ತಟ್ಟುವಾಗ ಭುಜದಿಂದ ಬಲ ಬರಬೇಕು, ಕಟ್ಟೆ ಮೊಣಕೈ ಮಟ್ಟಕ್ಕೆ ಬಂದರೆ ಹತ್ತು ರೊಟ್ಟಿಗೆ ರಟ್ಟೆ ಹಿಡಿಯುತ್ತದೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ 34 ಇಂಚಿನ ಕಟ್ಟೆ, ನಾನು ಐದಡಿ. ಕೊನೆಗೆ ಕಾಲ ಕೆಳಗೆ ಮಣೆ ಹಾಕಿಕೊಂಡು ತಟ್ಟುತ್ತಿದ್ದೆ. ಊರಲ್ಲಿ ಸ್ವಂತ ಮನೆ ಕಟ್ಟಿಸುವಾಗ 31 ಇಂಚು ಮಾಡಿಸಿದೆ, ಒಲೆ ಕಡೆ ಇನ್ನೂ ಒಂದಿಂಚು ಇಳಿಸಿದ್ದೇನೆ. ಕಲ್ಲು ನಮ್ಮ ಇಳಕಲ್ಲಿನ ಕೆಂಪು ಗ್ರಾನೈಟ್. ಅರಿಶಿನ ಬೀಳಲಿ, ಖಾರ ಬೀಳಲಿ, ಏನೂ ತೋರುವುದಿಲ್ಲ.

ಮುದ್ದೆಪ್ರಿಯ
ಮುದ್ದೆಗೂ ಇದೇ ಮಾತು. ಒಲೆ ಎತ್ತರ ಇದ್ದರೆ ಕೋಲು ಹಾಕಿ ತೊಳಸಲು ಬಲ ಸಿಗುವುದಿಲ್ಲ. ನಮ್ಮಮ್ಮ ಪಾತ್ರೆ ಕೆಳಗಿಳಿಸಿಕೊಂಡು ಕಾಲಲ್ಲಿ ಹಿಡಿದು ತೊಳಸುತ್ತಾರೆ. ಲಕ್ಷ ಲಕ್ಷ ಕೊಟ್ಟು ಮಾಡಿಸಿದ ಅಡುಗೆಮನೆ, ಮುದ್ದೆ ಮಾತ್ರ ನೆಲದ ಮೇಲೆ 😀

ಟೇಪುಮಾಸ್ಟರ್
ಅಡುಗೆ ಮಾಡುವವರು ಮೊಣಕೈ ಮಡಿಸಿ ನಿಲ್ಲಲಿ, ನೆಲದಿಂದ ಮೊಣಕೈಗೆ ಅಳೆಯಿರಿ, ಅದರಲ್ಲಿ 4ರಿಂದ 6 ಇಂಚು ಕಳೆಯಿರಿ. ರೊಟ್ಟಿ, ಮುದ್ದೆ, ಚಪಾತಿ ಹಿಟ್ಟು ಜಾಸ್ತಿ ಇದ್ದರೆ ಇನ್ನೂ ಒಂದೆರಡು ಇಂಚು. ಸಿಂಕ್ ಮಾತ್ರ ಉಲ್ಟಾ, ಅದು 8-10 ಇಂಚು ಆಳ ಇರುತ್ತದೆ, ಅಲ್ಲಿ ತಗ್ಗಾದರೆ ಸೊಂಟ ಹೋಗುತ್ತದೆ. ಇನ್ನೊಂದು: ಹಳೇ ಕಡಪದ ಮೇಲೆಯೇ ಹೊಸ ಕಲ್ಲು ಕೂರಿಸೋಣ ಅಂತ ಮೇಸ್ತ್ರಿ ಹೇಳೇ ಹೇಳುತ್ತಾನೆ. ಒಡೆಯುವ ಖರ್ಚು ಉಳಿಯುತ್ತದೆ, ನಿಜ. ಆದರೆ 18 ಮಿ.ಮೀ. ಕಲ್ಲು, ಕೆಳಗೆ ಗಾರೆ, ಸುಮಾರು ಒಂದೂವರೆ ಇಂಚು ಏರುತ್ತದೆ. ಅಮ್ಮ ಎಷ್ಟು ಎತ್ತರ?

ಹಳೇಮನೆ_ಮೈಸೂರು
ಅಮ್ಮ ಐದಡಿಗೂ ಕಡಿಮೆ, ಹೆಂಡತಿ ಐದಡಿ ಆರಿಂಚು. ಈಗಿನ ಕಟ್ಟೆ 31. ಮೇಸ್ತ್ರಿ ಹಳೆಯದರ ಮೇಲೇ ಹಾಕೋಣ ಅಂತ ಆಗಲೇ ಹೇಳಿದ್ದಾನೆ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು.

ಮಲೆನಾಡ್_ಮಳೆ
ಬಿರುಕು ಬಿಟ್ಟ ಕಲ್ಲಿನ ಮೇಲೆ ಹೊಸ ಕಲ್ಲು ಹಾಕಲೇಬೇಡಿ. ಕೆಳಗೆ ಯಾಕೆ ಬಿರುಕು ಬಂತು ಅಂತ ಮೊದಲು ಗೊತ್ತಾಗಬೇಕು. ಇಟ್ಟಿಗೆ ಕುಸಿದಿರಬಹುದು, ಸಿಂಕ್ ಕೆಳಗೆ ಆಸರೆ ಇಲ್ಲದೆ ಇರಬಹುದು. ನಮ್ಮ ಸಾಗರದ ಮನೆಯಲ್ಲಿ ಸಿಂಕ್ ಕೆಳಗಿನ ಗೋಡೆ ನೀರು ಕುಡಿದು ಕುಡಿದು ಪುಡಿಯಾಗಿತ್ತು, ಕೈಯಲ್ಲಿ ಕೆರೆದರೆ ಉದುರುತ್ತಿತ್ತು. ಮೇಲೆ ಕಲ್ಲು ಮಾತ್ರ ಗಟ್ಟಿ. ತೆಗೆದ ಮೇಲೆ ಕಂಡದ್ದು.

ಸುಮ್ನೆ_ಓದ್ತೀನಿ
ಪೂರ್ತಿ ತೆಗೆಯುವುದಾದರೆ ಹಿಂದಿನ ಟೈಲ್ಸ್ ಕೆಳಸಾಲು ಗ್ಯಾರಂಟಿ ಒಡೆಯುತ್ತದೆ. ಬಜೆಟ್‌ನಲ್ಲಿ ಸೇರಿಸಿಕೊಳ್ಳಿ.

ಕಲ್ಲುಕುಟಿಗ
ಅವರು ಹೊಸ ಟೈಲ್ಸ್ ಹೇಗೂ ಹಾಕಿಸುತ್ತಿದ್ದಾರಲ್ಲ. ಹಾಗಾದರೆ ಮೊದಲು ಕಲ್ಲು, ಆಮೇಲೆ ಟೈಲ್ಸ್, ಈ ಕ್ರಮ ಬಿಡಬೇಡಿ. ಟೈಲ್ಸ್ ಬಂದು ಕಲ್ಲಿನ ಮೇಲೆ ಕೂರಬೇಕು. ಆಗ ಗೋಡೆ ಡೊಂಕಿನಿಂದ ಬಂದ ಸಂದು ಟೈಲ್ಸ್ ಕೆಳಗೆ ಮುಚ್ಚಿಹೋಗುತ್ತದೆ. ಕೊನೆಗೆ ಆ ಗೆರೆಗೆ ಸಿಲಿಕೋನ್, ಬೂಸ್ಟು ಹಿಡಿಯದ ತರಹದ್ದು ಕೇಳಿ ತಗೊಳ್ಳಿ, ಹಚ್ಚಿದ ಮೇಲೆ ಒಂದು ದಿನ ನೀರು ತಾಗಿಸಬೇಡಿ. ಬಿಳಿ ಸಿಮೆಂಟ್ ತುಂಬಿದರೆ ವರ್ಷದೊಳಗೆ ಬಿರುಕು ಬಿಡುತ್ತದೆ, ಜಿರಳೆ ಸಂಸಾರ ಹೂಡುತ್ತದೆ.

ಮೂರನೇ_ಮಹಡಿ
ಬೆಂಗಳೂರಿನ ಅಪಾರ್ಟ್‌ಮೆಂಟ್‌ನವರಿಗೆ ಒಂದು ಮಾತು. ಹತ್ತಡಿ ಕಲ್ಲು ಲಿಫ್ಟ್ ಒಳಗೆ ಹೋಗುವುದಿಲ್ಲ. 18 ಮಿ.ಮೀ. ಗ್ರಾನೈಟ್ ಚದರ ಅಡಿಗೆ ನಾಲ್ಕೂವರೆ ಕೆಜಿ ತೂಗುತ್ತದೆ, 10×2 ಅಂದರೆ 90 ಕೆಜಿ. ಮೆಟ್ಟಿಲ ತಿರುವಿನಲ್ಲಿ ತಿರುಗಿಸಲು ಆಗಲಿಲ್ಲ ಅಂತ ನಮ್ಮ ಮನೆಯ ಕಲ್ಲನ್ನು ಅರ್ಧಕ್ಕೆ ಕತ್ತರಿಸಿದರು, ಜಾಯಿಂಟ್ ಸರಿಯಾಗಿ ಒಲೆ ಮುಂದೆ ಬಂತು. ಹೊರುವ ಕೂಲಿ ಬೇರೆ. ಇದನ್ನು ಮೊದಲೇ ಬಂದು ನೋಡಿಹೋದ ಕಂಟ್ರಾಕ್ಟರ್‌ಗೆ ಮೆಟ್ಟಿಲು ಕಂಡಿರಲಿಲ್ಲವಂತೆ!

ಕಲ್ಲುಕುಟಿಗ
ಜಾಯಿಂಟ್ ಬರಲೇಬೇಕು ಅಂದರೆ ಒಲೆ ಅಥವಾ ಸಿಂಕ್‌ನ ಕಟೌಟ್ (ಅದನ್ನು ಕೂರಿಸಲು ಕಲ್ಲಿನಲ್ಲಿ ಕೊಯ್ಯುವ ಕಂಡಿ) ಮಧ್ಯಕ್ಕೆ ತರಬಹುದು, ಮುಂದೆ ಹಿಂದೆ ಮೂರು ಮೂರು ಇಂಚು ಗೆರೆ ಮಾತ್ರ ಕಾಣುತ್ತದೆ. ಆದರೆ ಸಿಂಕ್ ಕಡೆ ಬೇಡ, ನೀರಿನ ಜಾಗ. ಒಲೆ ಕಡೆಯೇ ವಾಸಿ. ಮತ್ತೆ ಕಲ್ಲನ್ನು ಯಾವಾಗಲೂ ನಿಲ್ಲಿಸಿ ಹೊರಬೇಕು, ಹಾಸಿ ಹೊತ್ತರೆ ಮಧ್ಯಕ್ಕೆ ಮುರಿಯುತ್ತದೆ.

ಕಾವಲಿದೋಸೆ
ಇಳಿಜಾರು ಬಗ್ಗೆ ಏನು ಹೇಳುತ್ತೀರಿ? ನಮ್ಮ ಮೇಸ್ತ್ರಿ ನೀರು ಹರಿಯಲಿ ಅಂತ ಇಡೀ ಕಟ್ಟೆಗೆ ಸಿಂಕ್ ಕಡೆ ಇಳಿಜಾರು ಕೊಟ್ಟಿದ್ದಾನೆ. ನೀರು ಚೆನ್ನಾಗಿ ಹರಿಯುತ್ತದೆ, ದೋಸೆ ಹಿಟ್ಟೂ ಹರಿಯುತ್ತದೆ. ಕಾವಲಿಗೆ ಎಣ್ಣೆ ಬಿಟ್ಟರೆ ಒಂದೇ ಕಡೆ ಸೇರುತ್ತದೆ, ದೋಸೆ ಒಂದು ಬದಿ ಕರಿ, ಇನ್ನೊಂದು ಬದಿ ಬಿಳಿ. ಒಲೆ ಕಾಲಿನ ಕೆಳಗೆ ರಟ್ಟು ಮಡಿಸಿ ಇಟ್ಟಿದ್ದೇನೆ.

ಮಲೆನಾಡ್_ಮಳೆ
ಆದರೂ ಇಳಿಜಾರು ಬೇಕೇ ಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಕಟ್ಟೆ ಮೇಲೆ ನಿಂತ ನೀರು ಆರುವುದೇ ಇಲ್ಲ.

ಟೇಪುಮಾಸ್ಟರ್
ಬೇಡ. ಸಿಂಕ್ ಸುತ್ತ ಎರಡಡಿಗೆ ಮಾತ್ರ ತುಸು ಇಳಿಸಿದರೆ ಸಾಕು, ಒಲೆ ಕಡೆ ಮಟ್ಟಗೋಲು ಇಟ್ಟು ಸಮ ಮಾಡಿಸಿ.

ಕಲ್ಲುಕುಟಿಗ
ಒಂದೇ ಕಲ್ಲನ್ನು ಅರ್ಧ ಇಳಿಜಾರು ಅರ್ಧ ಸಮ ಮಾಡಲು ಅದೇನು ರಬ್ಬರಾ? ಸಿಂಕ್ ಒಂದು ತುಂಡಿನಲ್ಲಿ, ಒಲೆ ಇನ್ನೊಂದು ತುಂಡಿನಲ್ಲಿ ಬಂದರೆ ಹಾಗೆ ಮಾಡಬಹುದು. ಎರಡೂ ಒಂದೇ ತುಂಡಾದರೆ ಪೂರ್ತಿ ಸಮ ಇಡಿ, ಸಿಂಕನ್ನು ಅಂಡರ್‌ಮೌಂಟ್ ಮಾಡಿಸಿ. ಸಿಂಕ್ ಅಂಚು ಕಲ್ಲಿನ ಕೆಳಗೆ ಇದ್ದರೆ ನೀರನ್ನು ಕೈಯಲ್ಲಿ ಎಳೆದರೆ ಒಳಗೆ ಬೀಳುತ್ತದೆ. ಮುಂದಿನ ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಗೀರು ಹೊಡೆಸಿ, ಇಳಿದ ನೀರು ಆ ಗೀರಿನಲ್ಲಿ ನಿಂತು ತೊಟ್ಟಿಕ್ಕುತ್ತದೆ, ಒಳಗೆ ಕಪಾಟಿಗೆ ಹೋಗುವುದಿಲ್ಲ. ಕಲ್ಲು ಕೂರಿಸಿದ ಮೇಲೆ ಅದನ್ನು ಹೊಡೆಯುವುದು ಕಷ್ಟ, ಮೊದಲೇ ಹೇಳಿ.

ರೊಟ್ಟಿಬುಟ್ಟಿ
ಅಂಡರ್‌ಮೌಂಟ್ ಸಿಂಕ್ ಅಂಟಿನ ಮೇಲೆ ನಿಲ್ಲುತ್ತದಾ? ನಮ್ಮ ನಾದಿನಿ ಮನೆಯಲ್ಲಿ ತುಂಬಿದ ಹಂಡೆ ಇಟ್ಟರು, ಸಿಂಕ್ ಕೆಳಗೆ ಬಂತು.

ಕಲ್ಲುಕುಟಿಗ
ಬರೀ ಸಿಲಿಕೋನ್ ಹಚ್ಚಿ ಹೋಗಿರುತ್ತಾರೆ. ಕೆಳಗೆ ಕ್ಲಾಂಪ್ ಇರಬೇಕು, ಅಥವಾ ಕಬ್ಬಿಣದ ಪಟ್ಟಿ, ಇಲ್ಲವೇ ಎರಡು ಕಲ್ಲಿನ ಪಟ್ಟಿ ಆಸರೆ. ಕೂಲಿಯವನು ಹೋಗುವ ಮೊದಲು ಬಗ್ಗಿ ನೋಡಿ.

ಮೆಲ್ಬರ್ನ್_ಮಾವ
ನಮಸ್ಕಾರ, ಸ್ವಲ್ಪ ಬೇರೆ ವಿಷಯ. ನಾನು ಇರುವುದು ಮೆಲ್ಬರ್ನ್‌ನಲ್ಲಿ. ಇಲ್ಲಿ ಕ್ವಾರ್ಟ್ಜ್ ಕಟ್ಟೆಯನ್ನೇ ನಿಷೇಧ ಮಾಡಿದ್ದಾರೆ. 2024ರ ಜುಲೈ 1ರಿಂದ ಇಡೀ ಆಸ್ಟ್ರೇಲಿಯಾದಲ್ಲಿ ತಯಾರಿಸುವ ಹಾಗಿಲ್ಲ, ಮಾರುವ ಹಾಗಿಲ್ಲ, ಹಾಕುವ ಹಾಗಿಲ್ಲ. ಕಾರಣ ಧೂಳು. ಕತ್ತರಿಸುವಾಗ ಬರುವ ಸಿಲಿಕಾ ಪುಡಿ ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ಬರುತ್ತದೆ, ವಾಸಿ ಮಾಡುವ ಔಷಧ ಇಲ್ಲ. ಸಣ್ಣ ವಯಸ್ಸಿನ ಕೆಲಸಗಾರರಿಗೇ ಬಂತು. ಹಾಕಿದ ಕಟ್ಟೆಯಿಂದ ಮನೆಯವರಿಗೆ ತೊಂದರೆ ಇಲ್ಲ, ಕತ್ತರಿಸುವವನಿಗೆ ಮಾತ್ರ.

ಬಿಳಿಕಟ್ಟೆ
ಗ್ರಾನೈಟ್‌ನಲ್ಲೂ ಸಿಲಿಕಾ ಇದೆಯಲ್ಲ? ಅದನ್ನು ಯಾಕೆ ಬಿಟ್ಟರು?

ಮೆಲ್ಬರ್ನ್_ಮಾವ
ಇದೆ. ಆದರೆ ಕ್ವಾರ್ಟ್ಜ್‌ನಲ್ಲಿ 90ರ ಮೇಲೆ ಇದ್ದರೆ ಗ್ರಾನೈಟ್‌ನಲ್ಲಿ ಸಾಮಾನ್ಯವಾಗಿ ಅದರ ಅರ್ಧವೂ ಇರುವುದಿಲ್ಲ. ಹಾಗಂತ ಗ್ರಾನೈಟ್ ಧೂಳು ಒಳ್ಳೆಯದು ಅಂತಲ್ಲ.

ಕಲ್ಲುಕುಟಿಗ
ಇದು ನನ್ನ ಹೊಟ್ಟೆಪಾಡಿನ ವಿಷಯ, ಹೇಳುತ್ತೇನೆ. ಯಾರ್ಡ್‌ನಲ್ಲಿ ನೀರು ಬಿಟ್ಟುಕೊಂಡು ಕತ್ತರಿಸುತ್ತೇವೆ, ಧೂಳು ಕೆಸರಾಗಿ ಕೆಳಗೆ ಹೋಗುತ್ತದೆ. ಮನೆಗಳಲ್ಲಿ ಹಾಗಲ್ಲ. ಹುಡುಗ ಮುಖಕ್ಕೆ ಟವೆಲ್ ಕಟ್ಟಿಕೊಂಡು ಕೈ ಮಷೀನ್‌ನಲ್ಲಿ ಒಣಗಿದ್ದೇ ಕೊಯ್ಯುತ್ತಾನೆ, ಇಡೀ ಮನೆ ಬೆಳ್ಳಗೆ. ಟವೆಲ್‌ನಿಂದ ಆ ಪುಡಿ ನಿಲ್ಲುವುದಿಲ್ಲ. ದಯವಿಟ್ಟು ಅಳತೆ ಕೊಟ್ಟು ಕಟಿಂಗ್, ಕಟೌಟ್, ಮೋಲ್ಡಿಂಗ್ ಅಷ್ಟೂ ಯಾರ್ಡ್‌ನಲ್ಲೇ ಮಾಡಿಸಿ. ಮನೆಯಲ್ಲಿ ಉಳಿದ ಚೂರುಪಾರು ಅಂಗಳದಲ್ಲಿ, ಒಬ್ಬ ನೀರು ಹಾಕುತ್ತಿರಲಿ. ಒಂದೈನೂರು ಜಾಸ್ತಿ ಕೇಳಬಹುದು, ಕೊಡಿ. ಹುಡುಗನಿಗೆ ಒಳ್ಳೆಯ ಮಾಸ್ಕ್ ಒಂದು ತಂದುಕೊಡಿ.

ಸುಮ್ನೆ_ಓದ್ತೀನಿ
👍 ನಮ್ಮ ಪಕ್ಕದ ಮನೆಯವರು ಕಟ್ಟೆ ಹಾಕಿಸಿದಾಗ ನಮ್ಮ ಮನೆಯ ಒಣಗಿದ ಬಟ್ಟೆ ಮತ್ತೆ ಒಗೆಯಬೇಕಾಯಿತು. ಅವರ ಜೊತೆ ಮಾತು ಬಿಟ್ಟು ಎಷ್ಟೋ ದಿನ ಆಯಿತು.

ಹೊಸಬಡಾವಣೆ
ಗ್ರಾನೈಟೂ ಬೇಡ, ಕ್ವಾರ್ಟ್ಜೂ ಬೇಡ. ಗುಜರಾತಿನ ಮೋರ್ಬಿಯಿಂದ ಬರುವ 15 ಮಿ.ಮೀ. ಫುಲ್ ಬಾಡಿ (ಒಳಗೂ ಹೊರಗೂ ಒಂದೇ ಬಣ್ಣದ) ಟೈಲ್ ಸ್ಲ್ಯಾಬ್ ನೋಡಿ. ಬಿಳಿ ಸಿಗುತ್ತದೆ, ಬಿಸಿಗೆ ಏನೂ ಆಗುವುದಿಲ್ಲ, ಕಲೆ ಹಿಡಿಯುವುದಿಲ್ಲ. ಹೆಂಡತಿಯ ಬಿಳಿ ಆಸೆಯೂ ಆಯಿತು, ಬಾಣಲೆ ಭಯವೂ ಇಲ್ಲ.

ಕಲ್ಲುಕುಟಿಗ
ವಸ್ತು ಒಳ್ಳೆಯದು, ಒಪ್ಪುತ್ತೇನೆ. ಎರಡು ತೊಂದರೆ. ಅಂಚು ಬೇಗ ಚಕ್ಕೆ ಏಳುತ್ತದೆ, ಕುಕ್ಕರ್ ತಾಗಿದರೆ ಸಾಕು. ಇನ್ನೊಂದು, ಅದನ್ನು ಕತ್ತರಿಸಲು ಗೊತ್ತಿರುವವರು ಬೇಕು, ಕಟೌಟ್ ಹೊಡೆಯುವಾಗ ಮೂಲೆಯಿಂದ ಸೀಳುತ್ತದೆ. ನಿಮ್ಮ ಊರಿನಲ್ಲಿ ಅದೇ ಕೆಲಸ ಮಾಡಿದವನು ಸಿಕ್ಕರೆ ಸರಿ. ನ್ಯಾನೋ ವೈಟ್ ಅಂತ ಇನ್ನೊಂದು ತೋರಿಸುತ್ತಾರೆ, ಗಾಜಿನ ಹಾಗೆ ಹೊಳೆಯುತ್ತದೆ, ಬಿರುಕಿನ ದೂರು ಜಾಸ್ತಿ. ನಾನಾದರೆ ಹಾಕಲ್ಲ.

ಕಟೌಟ್ ಮಾತು ಬಂತು, ಕೇಳಿ. ಯಾವ ಕಲ್ಲಾದರೂ ಸಿಂಕ್, ಹಾಬ್ (ಕಲ್ಲಿನೊಳಗೆ ಕೂರಿಸುವ ಒಲೆ) ಕಟೌಟ್‌ನ ನಾಲ್ಕು ಮೂಲೆ ಚೂಪಾಗಿ ಇರಬಾರದು. ಮೊದಲು ಮೂಲೆಗಳಲ್ಲಿ ದುಂಡಗೆ ತೂತು ಕೊರೆದು ಆಮೇಲೆ ನೇರ ಕೊಯ್ಯಬೇಕು. ಚೂಪು ಮೂಲೆಯಿಂದಲೇ ಬಿರುಕು ಹೊರಡುವುದು. ಮುಂದೆ ಕನಿಷ್ಠ ಎರಡೂವರೆ ಇಂಚು ಕಲ್ಲು ಉಳಿಯಲಿ. ಸಿಂಕ್, ಹಾಬ್, ನಲ್ಲಿ ಮೂರೂ ಕೊಂಡು ಮನೆಯಲ್ಲಿ ಇಟ್ಟುಕೊಂಡೇ ಕಲ್ಲಿಗೆ ಹೋಗಿ. ಕ್ಯಾಟಲಾಗ್ ಅಳತೆ ನಂಬಿ ಕೊಯ್ದರೆ ಆಮೇಲೆ ಅದೇ ಸೈಜಿನ ಸಿಂಕ್ ಹುಡುಕಿಕೊಂಡು ಊರೆಲ್ಲ ಅಲೆಯಬೇಕು.

ಹಳೇಮನೆ_ಮೈಸೂರು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ವಾರ ಕಲ್ಲು ನೋಡಲು ಹೋಗುತ್ತಿದ್ದೇವೆ. ಒಳ್ಳೆಯ ಕಪ್ಪು ಯಾವುದು, ಬಣ್ಣ ಹಚ್ಚಿದ ಕಪ್ಪು ಯಾವುದು ಗುರುತಿಸುವುದು ಹೇಗೆ? ಎಲ್ಲವೂ ಒಂದೇ ತರಹ ಕಾಣುತ್ತದೆ.

ಕಲ್ಲುಕುಟಿಗ
ಉಗುರು ಬಣ್ಣ ತೆಗೆಯುವ ಅಸಿಟೋನ್ ಒಂದು ಬಾಟಲಿ, ಬಿಳಿ ಹತ್ತಿ ಜೇಬಲ್ಲಿಟ್ಟುಕೊಂಡು ಹೋಗಿ. ಉಜ್ಜಿದಾಗ ಹತ್ತಿ ಕಪ್ಪಾದರೆ ಬಣ್ಣ ಹಚ್ಚಿದ್ದು, ಎದ್ದು ಬನ್ನಿ. ಆಮೇಲೆ ಕಲ್ಲಿನ ಮೇಲೆ ಒಂದು ಚೊಂಬು ನೀರು ಸುರಿದು ಆರುವವರೆಗೆ ಕಾಯಿರಿ. ಬಿರುಕಿದ್ದರೆ ಆ ಗೆರೆ ಮಾತ್ರ ಒದ್ದೆಯಾಗಿ ಕೊನೆಗೆ ಉಳಿಯುತ್ತದೆ. ಹಿಂಭಾಗ ನೋಡಿ, ಬಲೆ ಅಂಟಿಸಿದ್ದರೆ ಕಲ್ಲು ಬಡಕಲು ಅಂತ ಅರ್ಥ. ಎರಡು ತುಂಡು ಬೇಕಾದರೆ ಒಂದೇ ಬಂಡೆಯ ಅಕ್ಕಪಕ್ಕದ ನಂಬರ್ ಕೇಳಿ. ಚಾಮರಾಜನಗರದ ಕಪ್ಪು ನಿಮಗೆ ಹತ್ತಿರ, ಸಿಕ್ಕರೆ ಬಿಡಬೇಡಿ. ಚಿನ್ನದ ಚುಕ್ಕೆಯ ಗ್ಯಾಲಕ್ಸಿ ಆಂಧ್ರದ ಚೀಮಕುರ್ತಿಯದು, ಚೆನ್ನಾಗಿರುತ್ತದೆ, ಬೆಲೆ ಜಾಸ್ತಿ.

ಮೂರನೇ_ಮಹಡಿ
ಅಂಗಡಿಯವನ ಮುಂದೆ ಅಸಿಟೋನ್ ಉಜ್ಜಿದರೆ ಬೈಯುವುದಿಲ್ಲವಾ?

ಕಲ್ಲುಕುಟಿಗ
ಬೈದರೆ ಉತ್ತರ ಸಿಕ್ಕಿತಲ್ಲ.

ಹೆಸರು_ಯಾಕೆ
ವಿಧಾನಸೌಧಕ್ಕೆ ಹಾಕಿದ ಕಲ್ಲು ನಮ್ಮ ಬೆಂಗಳೂರು ಸುತ್ತಮುತ್ತದ್ದೇ. ಅಂಥ ಕಲ್ಲಿನ ನಾಡಲ್ಲಿದ್ದು ಇಟಲಿ ಮಾರ್ಬಲ್, ಚೀನಾ ಕ್ವಾರ್ಟ್ಜ್ ಅಂತ ಹೋಗುತ್ತಾರಲ್ಲ ಜನ.

ಬಿಳಿಕಟ್ಟೆ
ನಮ್ಮ ಕ್ವಾರ್ಟ್ಜ್ ಚೀನಾದ್ದಲ್ಲ, ಭಾರತದಲ್ಲೇ ತಯಾರಾಗಿದ್ದು. ಗೊತ್ತಿಲ್ಲದೆ ಮಾತಾಡಬೇಡಿ.

ಹೆಸರು_ಯಾಕೆ
ನಿಮ್ಮ ಹೆಸರು ಎಲ್ಲಿ ಹೇಳಿದೆ?

ರೊಟ್ಟಿಬುಟ್ಟಿ
ಸಾಕು ಬಿಡ್ರೀ ಇಬ್ಬರೂ. ಅವರ ಕಟ್ಟೆ ಆಗಲಿ ಮೊದಲು.

ಹಳೇಮನೆ_ಮೈಸೂರು
ಕೆಲಸ ಮುಗಿಯಿತು, ಲೆಕ್ಕ ಹಾಕುತ್ತೇನೆ, ಮುಂದೆ ಯಾರಿಗಾದರೂ ಉಪಯೋಗ ಆಗಲಿ. ಹಾಕಿಸಿದ್ದು ಬೂದು ಗ್ರಾನೈಟ್. ಅಚ್ಚ ಕಪ್ಪೂ ಅಲ್ಲ, ಬಿಳಿಯೂ ಅಲ್ಲ, ಅತ್ತೆ ಸೊಸೆ ಇಬ್ಬರೂ ಒಪ್ಪಿದ ಏಕೈಕ ಕಲ್ಲು. ಬಿಳಿ ಆಸೆಗೆ ಹಿಂದಿನ ಗೋಡೆಗೆ ಬಿಳಿ ಟೈಲ್ಸ್.

ಕಲ್ಲು, ಕಟಿಂಗ್, ಮೋಲ್ಡಿಂಗ್, ಸಾಗಾಟ ಸೇರಿ 14,500. ಒಡೆದು ಹೊರಗೆ ಹಾಕಿದ್ದು 5,000. ಗಾರೆ ಕೆಲಸ, ಕೂರಿಸುವ ಕೂಲಿ 12,000. ಸಿಂಕ್, ನಲ್ಲಿ 11,000. ಟೈಲ್ಸ್ ಕೂಲಿ ಸಮೇತ 10,500. ಪ್ಲಂಬರ್ 3,500. ಒಟ್ಟು 56,500. ಅಂಗಡಿಯವರು 34 ಅಡಿ ಅಂತಲೇ ಬರೆದಿದ್ದರು. ಜಾಯಿಂಟ್ ನೇರ ಅಂದ ತಕ್ಷಣ ಒಂದು ಮಾತೂ ಆಡದೆ ಹೊಡೆದುಹಾಕಿದರು, ಅಂದರೆ ಅವರಿಗೆ ಗೊತ್ತಿತ್ತು! ಸಿಂಕ್ ಕೆಳಗಿನ ಇಟ್ಟಿಗೆ @ಮಲೆನಾಡ್_ಮಳೆ ಹೇಳಿದ ಹಾಗೇ ಮೆತ್ತಗಾಗಿತ್ತು, ಹೊಸ ಗೋಡೆ ಕಟ್ಟಿದ್ದು ಕೂಲಿಯಲ್ಲಿ ಸೇರಿದೆ. ಎತ್ತರ ಒಲೆ ಕಡೆ 31, ಸಿಂಕ್ ಕಡೆ 33. ಮೂಲೆಯ ಜಾಯಿಂಟ್‌ನಲ್ಲಿ ಎರಡಿಂಚು ಮೆಟ್ಟಿಲು ಬಂದಿದೆ, ನೋಡಿದವರೆಲ್ಲ ಇದೇನು ಅಂತ ಕೇಳುತ್ತಾರೆ. ಅಮ್ಮ ಮಾತ್ರ ಕೇಳಲಿಲ್ಲ.

ಟೇಪುಮಾಸ್ಟರ್
ಮೆಟ್ಟಿಲಿನ ಅಂಚು ದುಂಡಗೆ ಮಾಡಿಸಿದ್ದೀರಾ? ಇಲ್ಲದಿದ್ದರೆ ಅಲ್ಲೇ ಲೋಟ ತಾಗಿ ಒಡೆಯುತ್ತದೆ.

ಹಳೇಮನೆ_ಮೈಸೂರು
ಹೌದು, ಮಾಡಿಸಿದೆ. ಇನ್ನೊಂದು ಪ್ರಶ್ನೆ, ಬೂದು ಕಲ್ಲು ಎಣ್ಣೆ ಹೀರುತ್ತದಾ?

ಕಲ್ಲುಕುಟಿಗ
ತಿಳಿ ಬಣ್ಣದ್ದು ಸ್ವಲ್ಪ ಹೀರುತ್ತದೆ. ಒಂದು ಹನಿ ನೀರು ಹಾಕಿ ಹತ್ತು ನಿಮಿಷ ಬಿಡಿ. ಕೆಳಗೆ ಕಲ್ಲು ಕಪ್ಪಾದರೆ ಸ್ಟೋನ್ ಸೀಲರ್ ಹಚ್ಚಿ, ಇಲ್ಲದಿದ್ದರೆ ಬೇಡ. ಬಚ್ಚಲಿಗೆ ಹಾಕುವ ಆಸಿಡ್ ಮಾತ್ರ ಹತ್ತಿರ ತರಬೇಡಿ, ಸೋಪಿನ ನೀರು ಸಾಕು.

ಕಾವಲಿದೋಸೆ
ಕಟ್ಟೆ ಮೇಲೆ ತೆಂಗಿನಕಾಯಿ ಒಡೆಯಬಹುದಾ? ನಮ್ಮತ್ತೆ ಸಿಂಕ್ ಅಂಚಿಗೇ ಕುಟ್ಟುತ್ತಾರೆ.

ಕಲ್ಲುಕುಟಿಗ
ಸಿಂಕ್ ಮುಂದೆ ಇರುವುದೇ ಎರಡೂವರೆ ಇಂಚು ಕಲ್ಲು, ಅದರ ಮೇಲೇ ಕುಟ್ಟುತ್ತಾರಾ? ಹಿತ್ತಲಿಗೆ ಕಳಿಸಿ.

ಕಾವಲಿದೋಸೆ
ಅತ್ತೆಯನ್ನಾ ಕಾಯನ್ನಾ?

ಹುಬ್ಳಿಹುಡುಗ
ಇಡೀ ಚರ್ಚೆ ಓದಿದೆ. ಹುಬ್ಬಳ್ಳಿಯಲ್ಲಿ ಮೋಲ್ಡಿಂಗ್ ರನ್ನಿಂಗ್ ಫೂಟಿಗೆ (ಅಂಚಿನ ಉದ್ದದ ಅಡಿಗೆ) 120 ಕೇಳುತ್ತಿದ್ದಾರೆ, ಜಾಸ್ತಿ ಅಲ್ವಾ?

ರೊಟ್ಟಿಬುಟ್ಟಿ
ಸಿಂಗಲ್ ಅಂಚಿಗೆ ಜಾಸ್ತಿ ಆಯಿತು. ಕೆಳಗೆ ಪಟ್ಟಿ ಅಂಟಿಸಿ ದಪ್ಪ ಮಾಡುವ ಡಬಲ್ ಆದರೆ ಸರಿ. ಯಾವುದು ಅಂತ ಬಿಲ್ ಮೇಲೆ ಬರೆಸಿಕೊಳ್ಳಿ.